ನಿಲ್ಲುವವನ ಪಾತ್ರ

ಅವನಿಗೆ ತನ್ನ ಮೊಣಕಾಲುಗಳ ಮೇಲಿನ ನಂಬಿಕೆ ಹೋಗಿ ಬಹಳ ದಿನವಾಗಿತ್ತು. ನಾಲಿಗೆ ಹೇಳಿದ ಹಾಗೆ ಕೇಳುತ್ತಿತ್ತು, ಕೈ ಕೇಳುತ್ತಿತ್ತು, ನಾಟಕದ ಮೇಷ್ಟ್ರು ಬಾ ಎಂದರೆ ಕಣ್ಣಲ್ಲಿ ನೀರು ಕೂಡ ಬಂದು ನಿಲ್ಲುತ್ತಿತ್ತು. ಈ ಎರಡು ಕಾಲು ಮಾತ್ರ, ಅವನ ಮೈಗೆ ಅಂಟಿಕೊಂಡಿದ್ದರೂ, ಬೇರೆ ಯಾರದೋ ಸಂಬಳ ತಿನ್ನುವ ಆಳುಗಳ ಹಾಗೆ ನಡೆದುಕೊಳ್ಳುತ್ತಿದ್ದವು. ರಂಗಮಂದಿರದ ಹಿಂಭಾಗದ ಬಣ್ಣದ ಕೋಣೆಯಲ್ಲಿ ಆಳೆತ್ತರದ ಕನ್ನಡಿಯ ಎದುರು ನಿಂತು ಅವನು ಆ ಕಾಲುಗಳನ್ನೇ ನೋಡುತ್ತಿದ್ದ. ಜೈಲಿನಲ್ಲಿ ಕನ್ನಡಿ ಎಂದರೆ ಕ್ಷೌರದ ದಿನ ಕೈಯಿಂದ ಕೈಗೆ ಬರುವ ಅಂಗೈಯಗಲದ ಚೂರು. ಅದರಲ್ಲಿ ಗದ್ದ ಕಂಡರೆ ಹಣೆ ಕಾಣದು. ಇಷ್ಟು ವರ್ಷ ತನ್ನನ್ನು ಕಂತಿನಲ್ಲಿ ನೋಡಿಕೊಂಡು ಬಂದವನಿಗೆ ಇವತ್ತು ಇಡೀ ಮನುಷ್ಯನನ್ನು ಒಟ್ಟಿಗೆ ಎಳೆದು ತಂದು ಎದುರು ನಿಲ್ಲಿಸಿದ್ದರು. ಯಾರಿವನು, ಬೈಸಿಕೊಳ್ಳುವ ಮುಂಚೆಯೇ ತಲೆ ತಗ್ಗಿಸಿಕೊಂಡಿರುವವನು? ಅವನು ಹೆಗಲು ನೆಟ್ಟಗೆ ಮಾಡಿದ. ಕನ್ನಡಿಯವನೂ ಮಾಡಿದ, ಆದರೆ ಅರೆಮನಸ್ಸಿನಿಂದ.

“ಏ ಚಕ್ಕಳ, ನೋಡಿ ನೋಡಿ ಕನ್ನಡಿ ಸವೆದು ಹೋದೀತು ಕಣೋ,” ಎಂದ ತಾತ, ಮೂಲೆಯಲ್ಲಿ ಕೂತು ಹುಬ್ಬಿಗೆ ಕಪ್ಪು ತೀಡಿಸಿಕೊಳ್ಳುತ್ತ. ಜೈಲಿನಲ್ಲಿ ಎಲ್ಲರಿಗೂ ಅವನು ಚಕ್ಕಳವೇ. ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವನಿಗೆ ಒಳಗೆ ಕಾಲಿಟ್ಟ ಮೊದಲ ವಾರವೇ ಆ ಹೆಸರು ಬಿದ್ದಿತ್ತು. ಹೆಸರಿಟ್ಟವನು ಬಿಡುಗಡೆಯಾಗಿ ಹೋದ, ಹೆಸರು ಶಿಕ್ಷೆ ಅನುಭವಿಸುತ್ತ ಉಳಿಯಿತು. ತಾತ ಅವನ ಜೊತೆಗಾರ. ಒಂದೇ ಕೋಣೆ, ಊಟಕ್ಕೆ ಒಂದೇ ಸಾಲು. ಎಣಿಕೆಯ ಗಂಟೆ ಹೊಡೆದಾಗ ಕೈದಿಗಳೆಲ್ಲ ಇಬ್ಬಿಬ್ಬರಾಗಿ ಕುಕ್ಕರಗಾಲಲ್ಲಿ ಕೂರಬೇಕು, ಹೆಡ್ ವಾರ್ಡರ್ ಬೆತ್ತದ ತುದಿಯನ್ನು ತಲೆಗಳ ಮೇಲೆ ಆಡಿಸುತ್ತ “ಜೋಡಿ, ಜೋಡಿ” ಎಂದು ಎಣಿಸುತ್ತ ಹೋಗಬೇಕು. ಆ ಜೋಡಿಯಲ್ಲಿ ಅವನ ಬಲಕ್ಕೆ ಯಾವಾಗಲೂ ತಾತ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಳೆ ಬರಲಿ, ಜ್ವರ ಬರಲಿ. ಗಂಡ ಹೆಂಡಿರು ಕೂಡ ಇಷ್ಟು ನಿಷ್ಠೆಯಿಂದ ಅಕ್ಕಪಕ್ಕ ಕೂತಿರಲಾರರು ಎಂದು ತಾತ ನಗುತ್ತಿದ್ದ. ಚಕ್ಕಳನ ಹೆಂಡತಿಯ ವಿಷಯ ಗೊತ್ತಿದ್ದೂ ನಗುತ್ತಿದ್ದ. ಅವಳು ಬೇರೆ ಸಂಸಾರ ಮಾಡಿಕೊಂಡು ದೂರ ಹೋಗಿದ್ದಳು, ಮಗಳನ್ನು ಅಕ್ಕ ಸಾಕಿದ್ದಳು.

ನಾಟಕವೂ ಆ ಎಣಿಕೆಯಿಂದಲೇ ಹುಟ್ಟಿದ್ದು. ಮೇಷ್ಟ್ರು ಮೊದಲ ಸಲ ಜೈಲಿಗೆ ಬಂದಾಗ, ಅಂಗಳದ ಅಷ್ಟೂ ಜನ ಒಂದು ಗಂಟೆಯ ಸದ್ದಿಗೆ ದೊಪ್ಪನೆ ಕೂತದ್ದನ್ನು ನೋಡಿ, ತಲೆಯ ಮೇಲೆ ಕೈ ಹೊತ್ತು ನಿಂತುಬಿಟ್ಟರಂತೆ. ಅವರು ಕಟ್ಟಿದ ಕತೆ ಇಷ್ಟು: ಒಂದು ಕಲ್ಲುಗಣಿ, ಅಲ್ಲಿ ಬಿಟ್ಟಿ ದುಡಿಯುವ ಆಳುಗಳು, ಒಬ್ಬ ಧಣಿ. ಗಂಟೆ ಹೊಡೆದರೆ ಆಳುಗಳೆಲ್ಲ ಕೂತು ತಲೆ ಎಣಿಸಿಕೊಳ್ಳಬೇಕು. ಕೊನೆಯ ದೃಶ್ಯದಲ್ಲಿ ಗಂಟೆ ಹೊಡೆಯುತ್ತದೆ, ಎಲ್ಲರೂ ಕೂರುತ್ತಾರೆ, ಒಬ್ಬ ಮಾತ್ರ ನಿಂತೇ ಇರುತ್ತಾನೆ. ಮಾತಿಲ್ಲ ಕತೆಯಿಲ್ಲ, ನಿಂತಿರುತ್ತಾನೆ, ಪರದೆ ಬೀಳುತ್ತದೆ. ಆ ಒಬ್ಬನ ಪಾತ್ರವನ್ನು ಮೇಷ್ಟ್ರು ಅವನಿಗೆ ಕೊಟ್ಟಿದ್ದರು. ಕಾರ್ಖಾನೆಯ ಮುಷ್ಕರದ ದಿನ ಮೇಸ್ತ್ರಿಯನ್ನು ತಳ್ಳಿ ಕೊಂದವನು ಎಂದು ಯಾರೋ ಅವರಿಗೆ ಹೇಳಿದ್ದರು. “ಬಂಡಾಯ ನಿನ್ನ ಮೈಯಲ್ಲೇ ಇದೆಯಯ್ಯಾ, ನಾನೇನು ಕಲಿಸೋದು?” ಎಂದು ಅವನ ತೋಳು ಹಿಡಿದಿದ್ದರು. ಅವನು ಸುಮ್ಮನೆ ನಕ್ಕಿದ್ದ. ಆ ನಗುವನ್ನೂ ಅವರು ಬಂಡಾಯವೆಂದೇ ತಿಳಿದರು.

ಮೊದಲ ತಾಲೀಮಿನ ದಿನ ಗಂಟೆ ಹೊಡೆದರೆ ನಿಲ್ಲಬೇಕಾದ ಅವನೂ ಕೂತ, ಎತ್ತರದ ಕಟ್ಟೆಯ ಮೇಲೆ ಮೀಸೆ ತಿರುವುತ್ತಿದ್ದ ಧಣಿಯೂ ಕೂತ. ಧಣಿ ಎಂದರೆ ತಾತ. ಮೀಸೆಯ ಮೇಲಿನ ಕೈ ಹಾಗೇ ಇತ್ತು, ಧಣಿ ಕುಕ್ಕರಗಾಲಲ್ಲಿದ್ದ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡವರೂ ಕೂತೇ ನಕ್ಕರು. ಆಮೇಲೆ ತಾತ ಹೇಗೋ ಕಲಿತ. ಕಟ್ಟೆಯ ಮೇಲೊಂದು ಕುರ್ಚಿ ಹಾಕಿಸಿಕೊಂಡು, ಗಂಟೆಗೆ ಮುಂಚೆಯೇ ಅದರಲ್ಲಿ ಕೂತು ಮಾನ ಉಳಿಸಿಕೊಂಡ. ಇವನಿಗೆ ಕುರ್ಚಿಯ ದಾರಿ ಇರಲಿಲ್ಲ. ಒಂದು ತಾಲೀಮಿನಲ್ಲಿ ನಿಂತರೆ ಇನ್ನೆರಡರಲ್ಲಿ ಕೂತ. ನಿಂತ ದಿನವೂ ತಾನು ನಿಂತೆ ಎಂದು ಅನ್ನಿಸಲಿಲ್ಲ, ಬೀಳುವುದನ್ನು ತಡೆದುಕೊಂಡೆ ಎನ್ನಿಸಿತು. ಒಮ್ಮೆ ಮೇಷ್ಟ್ರ ಹತ್ತಿರ ಹೋಗಿ ಕೇಳಿಯೂ ಕೇಳಿದ.

“ಮೇಷ್ಟ್ರೇ, ಆ ಗಂಟೆ ಬೇಡ. ಬೇರೆ ಏನಾದ್ರೂ ಹೊಡೀರಿ. ತಗಡು, ತಟ್ಟೆ, ಏನಾದ್ರೂ ಸರಿ.”

“ಅದು ನಿಮ್ಮ ಜೈಲಿನದೇ ಗಂಟೆ ಕಣಯ್ಯಾ. ದೊಡ್ಡ ಸಾಹೇಬರ ಕೈಕಾಲು ಹಿಡಿದು ಇಸ್ಕೊಂಡು ಬಂದಿದ್ದೀನಿ. ಆ ಸದ್ದಿನಲ್ಲೊಂದು ಸತ್ಯ ಇದೆ.”

“ಸತ್ಯ ಇದೆ ಮೇಷ್ಟ್ರೇ. ಅದಕ್ಕೇ ಬೇಡ ಅಂದಿದ್ದು.”

“ನಟ ಆದವನು ಮೈಯನ್ನ ಗೆಲ್ಲಬೇಕು,” ಎಂದರು ಮೇಷ್ಟ್ರು. ಅವನು ತನ್ನ ಜಾಗಕ್ಕೆ ಹೊರಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು. ಮೇಷ್ಟ್ರು ಒಳ್ಳೆಯವರು. ತಾಲೀಮು ಮುಗಿದ ಮೇಲೆ ತಮ್ಮ ಮನೆಗೆ ಹೋಗಿ, ಬಾಗಿಲನ್ನು ತಾವೇ ತೆಗೆದು, ಬೇಕಾದಾಗ ದೀಪ ಆರಿಸಿ ಮಲಗುವವರು. ಅಂಥವರಿಗೆ ಮೈಯನ್ನು ಗೆಲ್ಲುವುದೆಂದರೆ ಬೆಳಿಗ್ಗೆ ಬೇಗ ಏಳುವುದು ಇರಬೇಕು ಎಂದುಕೊಂಡ, ಅಂದುಕೊಂಡದ್ದಕ್ಕೆ ತಕ್ಷಣ ನಾಚಿಕೆಪಟ್ಟುಕೊಂಡ.

ಇವತ್ತು ಬೆಳಿಗ್ಗೆ ನೀಲಿ ವ್ಯಾನು ಹತ್ತುವಾಗ ದೊಡ್ಡ ಸಾಹೇಬರು ಅವನೊಬ್ಬನನ್ನು ಪಕ್ಕಕ್ಕೆ ಕರೆದಿದ್ದರು. ಜೈಲಿನ ಅಷ್ಟೂ ಬೀಗದ ಕೈ ಅವರದು, ಆದರೂ ಮಾತು ಮೆತ್ತಗೆ. “ನಿನ್ನ ಬಿಡುಗಡೆ ವಿಷಯ ಸಮಿತಿ ಮುಂದೆ ಹೋಗಿದೆ. ನಾನೇ ಶಿಫಾರಸು ಮಾಡಿದ್ದೀನಿ. ಏನಂತ ಗೊತ್ತಾ? ಇಷ್ಟು ವರ್ಷದಲ್ಲಿ ಒಂದೇ ಒಂದು ಎಣಿಕೆಗೂ ತಪ್ಪಿಸಿಕೊಂಡವನಲ್ಲ ಅಂತ. ಇನ್ನೊಂದಿಷ್ಟು ದಿನ ಕಪ್ಪು ಚುಕ್ಕೆ ಬೀಳದ ಹಾಗೆ ನೋಡ್ಕೋ.” ಅವನು ಕೈ ಮುಗಿದ. ವ್ಯಾನಿನ ಕಿಟಕಿಯ ಜಾಲರಿಯಾಚೆ ಅಂಗಡಿಗಳು, ಸೈಕಲ್ಲುಗಳು, ಬಸ್ಸಿಗೆ ಓಡುವ ಹೆಂಗಸರು ಸರಿದು ಹೋಗುತ್ತಿದ್ದರೂ ಅವನಿಗೆ ಏನೂ ಕಾಣಲಿಲ್ಲ. ತನ್ನ ಬಗ್ಗೆ ಹೇಳಲು ಇರುವ ಒಂದೇ ಒಳ್ಳೆಯ ಮಾತು, ಕರೆದಾಗಲೆಲ್ಲ ಕೂತ ಎಂಬುದು. ಆ ಒಳ್ಳೆಯ ಮಾತಿನ ಬಾಗಿಲಿಂದಲೇ ಹೊರಗೆ ಬರಬೇಕು. ಬಂದ ಮೇಲೆ ರಸ್ತೆಯಲ್ಲಿ ಯಾರಾದರೂ ಗಂಟೆ ಹೊಡೆದರೆ? ಶಾಲೆ ಬಿಟ್ಟಾಗ, ಐಸ್‌ಕ್ರೀಮಿನ ಗಾಡಿ ಬಂದಾಗ? ನಡುರಸ್ತೆಯಲ್ಲಿ ಕೂತವನನ್ನು ಬಳಸಿಕೊಂಡು ಬಸ್ಸುಗಳು ಹೋಗುತ್ತವೆ, ಅಷ್ಟೇ.

ಮೊಣಕಾಲಿನ ಚಿಂತೆಗೆ ನಿಜವಾದ ಕಾರಣ ಮಗಳು. ಹೋದ ಸಲ ನೋಡಲು ಬಂದಿದ್ದ ಅಕ್ಕ, ಹೊರಡುವ ಹೊತ್ತಿಗೆ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದ್ದಳು. “ನಿನ್ನ ಮಗಳು ಬರ್ತಾಳಂತೆ ಕಣೋ. ನಿನ್ನನ್ನ ನೋಡೋಕಲ್ಲ, ನಾಟಕ ನೋಡೋಕೆ. ಅವಳೇ ಹಾಗಂದಿದ್ದು, ನನ್ನ ಮೇಲೆ ಸಿಟ್ಟಾಗಬೇಡ.” ಮಗಳು ಈಗ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಜನರನ್ನು ಕೂರಿಸಿ, ಕಣ್ಣಿಗೆ ಗಾಜು ಬದಲಾಯಿಸಿ ಬದಲಾಯಿಸಿ ಇಟ್ಟು, ಈಗ ಚೆನ್ನಾಗಿ ಕಾಣುತ್ತಾ, ಆಗಲೇ ಚೆನ್ನಾಗಿತ್ತಾ ಎಂದು ಕೇಳುವ ಕೆಲಸ. ಅಕ್ಕ ಅಭಿನಯ ಮಾಡಿ ತೋರಿಸಿದ್ದಳು. ಅವನಿಗೆ ಗೊತ್ತಿದ್ದ ಮಗಳು ಮಾತ್ರ ಎರಡು ಜಡೆಯವಳು. ಅವಳನ್ನು ಕೊನೆಯ ಸಲ ಕಂಡಾಗ ಭೇಟಿಯ ಕೋಣೆಯ ಜಾಲರಿಯ ಆಚೆ ಅಕ್ಕನ ಸೊಂಟದೆತ್ತರಕ್ಕಿದ್ದಳು, ಶಾಲೆಯಲ್ಲಿ ಒಬ್ಬ ಹುಡುಗಿ ತನ್ನ ಪೆನ್ಸಿಲ್ ಕದ್ದಳು ಎಂದು ದೂರು ಹೇಳುತ್ತಿದ್ದಳು. ಅವನು ಜಾಲರಿಗೆ ಹಣೆ ಒತ್ತಿ, ಹೂಂ, ಆಮೇಲೆ, ಎನ್ನುತ್ತಿದ್ದ. ಗಂಟೆ ಹೊಡೆಯಿತು. ಭೇಟಿಯ ಕೋಣೆಯಲ್ಲಿ ಇರುವವರು ಕೂರಬೇಕಾದ್ದೇನೂ ಇರಲಿಲ್ಲ, ಅಲ್ಲಿಯ ವಾರ್ಡರ್ ತಲೆಯೂ ಎತ್ತಲಿಲ್ಲ. ಆದರೂ ಅವನು ಕೂತುಬಿಟ್ಟಿದ್ದ, ಮಾತಿನ ನಡುವೆ, ಜಾಲರಿಯ ಬುಡದಲ್ಲಿ. ಮೇಲಿಂದ ಅಕ್ಕ ಅವನ ಹೆಸರು ಹಿಡಿದು ಕೂಗಿದಳು. ಜಾಲರಿ ನೆಲದವರೆಗೂ ಇತ್ತು. ಅದರಾಚೆ ಎರಡು ಜಡೆ ಕೆಳಗಿಳಿದು ಬಂತು; ಮಗುವೂ ಕೂತಿತ್ತು, ಅವನ ಹಾಗೆಯೇ ಕುಕ್ಕರಗಾಲಲ್ಲಿ, ಕೈ ಮೊಣಕಾಲ ಮೇಲಿಟ್ಟು, ಇದೇನೋ ಹೊಸ ಆಟ ಎಂದು ಹಲ್ಲು ಬಿಟ್ಟುಕೊಂಡು. ಅವಳು ಎಷ್ಟು ಚೆನ್ನಾಗಿ, ಎಷ್ಟು ಬೇಗ ಕಲಿತಿದ್ದಳು! ಇನ್ನು ಇವಳನ್ನು ಇಲ್ಲಿಗೆ ಕರೆದುಕೊಂಡು ಬರಬೇಡ ಎಂದು ಅವನು ಅವತ್ತೇ ಅಕ್ಕನಿಗೆ ಹೇಳಿದ. ಏಕೆ ಎಂದು ಹೇಳಲಿಲ್ಲ. ಅಪ್ಪನಿಗೆ ತಾನು ಬೇಡವೆಂದು ಮಗು ತಿಳಿದುಕೊಂಡಿತು, ತಿಳಿದುಕೊಂಡೇ ಬೆಳೆಯಿತು.

“ಬಣ್ಣ ಹಚ್ಚಿದ ಮುಖ ಬಾಡಿಸ್ಕೋಬೇಡ,” ಎಂದ ತಾತ. “ಬಂದಿದ್ದಾಳೇನೋ?”

“ಗೊತ್ತಿಲ್ಲ.”

“ಇವತ್ತು ನಿಂತುಬಿಡು. ನಾಳೆಯಿಂದ ಇಬ್ಬರೂ ಕೂತೇ ಇರೋಣ.”

ಬಣ್ಣದ ಕೋಣೆಯಿಂದ ರಂಗಕ್ಕೆ ಹೋಗುವ ಓಣಿಯಲ್ಲಿ ಹೆಡ್ ವಾರ್ಡರ್ ಸ್ಟೂಲಿನ ಮೇಲೆ ಕೂತಿದ್ದ, ಕಾಲ ಬಳಿ ಜೈಲಿನ ಗಂಟೆ ಮತ್ತು ಅದನ್ನು ಹೊಡೆಯುವ ಕೊಡತಿ. ಗಂಟೆ ಸರ್ಕಾರದ ವಸ್ತು, ಕಂಡಕಂಡವರ ಕೈಗೆ ಕೊಡಲಾಗುವುದಿಲ್ಲ ಎಂದು ನಾಟಕದಲ್ಲೂ ತಾನೇ ಹೊಡೆಯುತ್ತಿದ್ದ. ಈ ನಾಟಕದಲ್ಲಿ ತನ್ನದೇ ಮುಖ್ಯ ಪಾತ್ರವೆಂದು ಅವನು ನಂಬಿದ್ದ, ಅದು ಸುಳ್ಳೂ ಆಗಿರಲಿಲ್ಲ. ಕೆಟ್ಟವನಲ್ಲ, ನಿವೃತ್ತಿ ಹತ್ತಿರ ಬಂದು ಮಂಡಿ ನೋವು ಶುರುವಾದ ಮನುಷ್ಯ. ದಿನವೂ ಇಷ್ಟು ಜನ ಕೂತು ಏಳುವುದನ್ನು ಇವನೊಬ್ಬ ಆ ಮಂಡಿಯಲ್ಲಿ ನಿಂತು ನೋಡಬೇಕು. “ಏನಪ್ಪಾ ಬಂಡಾಯಗಾರ,” ಎಂದ. ಅದರಲ್ಲಿ ವಿಷವಿರಲಿಲ್ಲ. ಚಕ್ಕಳ ಬಗ್ಗಿ ನಮಸ್ಕಾರ ಮಾಡಿ ಮುಂದೆ ಹೋದ. ಬಂಡಾಯಗಾರ! ಮುಷ್ಕರದ ಮುಖಂಡರೂ ಹಾಗೇ ಕರೆದಿದ್ದರು. ವಕೀಲರೂ ನ್ಯಾಯಾಲಯದಲ್ಲಿ ಶೋಷಣೆ, ದುಡಿಯುವ ಕೈ, ತಾಳ್ಮೆಯ ಕಟ್ಟೆ ಎಂದೆಲ್ಲ ಹೇಳಿದರು. ಕಟಕಟೆಯಲ್ಲಿ ನಿಂತು ಕೇಳುತ್ತಿದ್ದ ಅವನಿಗೆ ಬೇರೆ ಯಾರದೋ ಮದುವೆಯಲ್ಲಿ ತನಗೆ ಹಾರ ಹಾಕಿದಂತಾಗಿತ್ತು. ಆ ದಿನ ನಡೆದದ್ದು ಅಷ್ಟು ದೊಡ್ಡದಲ್ಲ. ಕೆಲಸ ನಿಲ್ಲಿಸಿ ಎಲ್ಲರೂ ಚರ್ಮ ನೆನೆಹಾಕುವ ಸುಣ್ಣದ ತೊಟ್ಟಿಗಳ ಬಳಿ ಕೂತಿದ್ದರು, ಅಕ್ಕ ಬುತ್ತಿ ತಂದಿದ್ದಳು, ಜೊತೆಗೆ ಮಗು. ಮೇಸ್ತ್ರಿ ಬಂದ. ಅವನು ಆಳುಗಳ ಜೊತೆ ಯಾವಾಗಲೂ ಮೂಗಿಗೆ ಕರವಸ್ತ್ರ ಹಿಡಿದೇ ಮಾತಾಡುವವನು. ಅದು ಎಲ್ಲರಿಗೂ ಅಭ್ಯಾಸವಾಗಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋಗುವುದೂ ಅಭ್ಯಾಸವಾಗಿತ್ತು, ಹಸಿ ಚರ್ಮದ ವಾಸನೆ ಸೋಪಿಗೆ ಹೋಗುವುದಿಲ್ಲ. ಮೇಸ್ತ್ರಿ ಅವತ್ತು ಮಗುವಿನ ಹತ್ತಿರ ಬಗ್ಗಿದ, ಕರವಸ್ತ್ರ ಸರಿಸಿ ಮಗುವನ್ನು ಮೂಸಿದ, ಮತ್ತೆ ಮೂಗಿಗೆ ಇಟ್ಟುಕೊಂಡ. “ಅಯ್ಯೋ, ಇದಕ್ಕೂ ಬಂದುಬಿಟ್ಟಿದೆಯಲ್ಲೋ,” ಎಂದು ನಕ್ಕ. “ಇದೂ ನಿಮ್ಮ ಲೆಕ್ಕಕ್ಕೇ ಸೇರಿತು.” ಮಗುವೂ ನಕ್ಕಿತು, ಎಲ್ಲರ ಜೊತೆ ನಗುವ ವಯಸ್ಸು ಅದು. ಅವನು ಎದ್ದು ತಳ್ಳಿದ. ತೊಟ್ಟಿಯ ಅಂಚು ಒದ್ದೆಯಾಗಿತ್ತು, ಮೇಸ್ತ್ರಿಯ ತಲೆ ಕಲ್ಲಿಗೆ ಬಡಿಯಿತು. ಆ ಮನುಷ್ಯನ ಕೈಯಲ್ಲಿ ಕರವಸ್ತ್ರ ಹಾಗೇ ಇತ್ತು, ನಾಲ್ಕು ಮಡಿಕೆಯ, ಯಾರೋ ಮನೆಯಲ್ಲಿ ಒಗೆದು ಇಸ್ತ್ರಿ ಮಾಡಿದ್ದು. ಅದನ್ನು ಅವನು ಎಷ್ಟು ವರ್ಷವಾದರೂ ಕನಸಿನಲ್ಲಿ ಕಾಣುತ್ತಾನೆ, ಮೇಸ್ತ್ರಿಯ ಮುಖ ಮರೆತು ಹೋಗಿದೆ. ಮೇಸ್ತ್ರಿ ಮಗುವನ್ನು ಮೂಸಿದ್ದನ್ನು ಅವನು ವಕೀಲರಿಗೂ ಹೇಳಲಿಲ್ಲ. ಹೇಳಿದ್ದರೆ ನಾಳೆ ಯಾರಾದರೂ ಮಗುವಿಗೆ, ನಿನ್ನಿಂದಲೇ ಕಣೇ ನಿಮ್ಮಪ್ಪ ಒಳಗೆ ಹೋಗಿದ್ದು, ಎಂದುಬಿಡುತ್ತಿದ್ದರು. ಅಕ್ಕನೂ ತುಟಿ ಬಿಚ್ಚಲಿಲ್ಲ. ಹೀಗೆ ಒಂದು ಸಾವು ಬಂಡಾಯದ ಹೆಸರಿನಲ್ಲಿ ಜಮೆಯಾಗಿ ಹೋಯಿತು.

ನಾಟಕ ಚೆನ್ನಾಗಿಯೇ ನಡೆಯಿತು. ಕತ್ತಲಲ್ಲಿ ಕೂತ ಜನ ಉಸಿರು ಬಿಡುವುದು ರಂಗದವರೆಗೂ ಕೇಳುತ್ತಿತ್ತು. ತಾತ ಕುರ್ಚಿಯ ಮೇಲಿಂದ ಗುಡುಗಿದ, ಒಂದು ಕಡೆ ಮಾತು ಮರೆತು ಅದನ್ನು ಕೆಮ್ಮಿನಲ್ಲಿ ಮುಚ್ಚಿದ, ಅದಕ್ಕೂ ಜನ ಹೆದರಿದರು. ಚಕ್ಕಳ ಕಲ್ಲು ಹೊತ್ತ, ಬಿದ್ದ, ಎದ್ದ, ಸತ್ತ ಗೆಳೆಯನ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತ. ಮಗಳು ಎಲ್ಲಿರಬಹುದು? ಮುಂದಿನ ಸಾಲಿನಲ್ಲಿ ದೊಡ್ಡ ಸಾಹೇಬರ ಬೆಳ್ಳಿಗೂದಲು ಕಾಣುತ್ತಿತ್ತು, ಅದರ ಹಿಂದೆ ಕಪ್ಪು. ಆ ಕಪ್ಪಿನಲ್ಲಿ ಎಲ್ಲೋ ಎರಡು ಕಣ್ಣು, ಅವೂ ಇನ್ನೊಬ್ಬರ ಕಣ್ಣಿನ ದೋಷ ಹಿಡಿಯುವ ಕಣ್ಣು. ಇವತ್ತು ಅವಳ ಎದುರು ಒಂದು ಸಲ ನಿಂತರೆ ಸಾಕು. ಜಾಲರಿಯಾಚೆ ಕೂತ ಆ ಮಗುವನ್ನು ಎಬ್ಬಿಸಿದಂತಾಗುತ್ತದೆ. ಬಿಡುಗಡೆಯೂ ಬೇಕು, ಯಾರು ಬೇಡವೆಂದಾರು. ಆದರೆ ಈ ಹೊತ್ತಿನಲ್ಲಿ ದೇವರು ಬಂದು ಎರಡರಲ್ಲಿ ಒಂದನ್ನು ಆರಿಸಿಕೋ ಎಂದಿದ್ದರೆ ಅವನು ಮೊಣಕಾಲನ್ನು ಕೇಳುತ್ತಿದ್ದ. ಕೊನೆಯ ದೃಶ್ಯ ಬಂತು. ಆಳುಗಳು ಸಾಲಾಗಿ ನಿಂತರು. ಅವನು ಪಾದ ಅಗಲಿಸಿ, ಹೆಬ್ಬೆರಳನ್ನು ಹಲಗೆಗೆ ಒತ್ತಿ, ತೊಡೆಯನ್ನು ಬಿಗಿ ಮಾಡಿಕೊಂಡ. ಬರುತ್ತದೆ, ಈಗ ಬರುತ್ತದೆ ಎಂದು ಕಾದ. ಗಂಟೆ ಹೊಡೆಯಿತು.

ಅವನು ಕೂತಿದ್ದ. ಕೂತದ್ದು ಯಾವಾಗ ಎಂದು ಗೊತ್ತಾಗಲಿಲ್ಲ. ಎದುರಿಗೆ ಮುಂದಿನ ಆಳಿನ ಬೆನ್ನು ಇತ್ತು, ಅಕ್ಕಪಕ್ಕ ಮೊಣಕಾಲುಗಳಿದ್ದವು, ತನ್ನ ಕೈ ತನ್ನ ಮೊಣಕಾಲ ಮೇಲೆ ಅಚ್ಚುಕಟ್ಟಾಗಿ ಬಂದು ಕೂತಿತ್ತು. ಅವನು ತಲೆ ಎತ್ತಿದ. ಏಳಬೇಕು ಎಂದುಕೊಂಡ, ಬಾಯಿ ಮಾತ್ರ ತೆರೆಯಿತು. ಪರದೆ ಎಳೆಯುವವನು ಏನು ಮಾಡಬೇಕೋ ತಿಳಿಯದೆ ಎಳೆದೇಬಿಟ್ಟ. ಆಮೇಲೆ ಚಪ್ಪಾಳೆ ಬಂತು, ನಿಲ್ಲಲೇ ಇಲ್ಲ. ಮೇಷ್ಟ್ರು ರಂಗದ ಮೇಲೆ ಓಡಿ ಬಂದರು. ಬೈಯುತ್ತಾರೆ, ಬೈಯಲಿ, ಎಂದು ಅವನು ತಲೆ ತಗ್ಗಿಸಿದರೆ ಅವರು ತಬ್ಬಿಕೊಂಡರು. “ಏನು ಮಾಡಿಬಿಟ್ಟೆಯಯ್ಯಾ! ನಿಲ್ಲಬೇಕಾದವನೇ ಕೂತುಬಿಟ್ಟ! ಆಮೇಲೆ ಆ ಬಾಯಿ ತೆರೆದದ್ದು, ಮಾತು ಬರದೇ ಇದ್ದದ್ದು... ನನ್ನ ನಾಟಕಕ್ಕಿಂತ ದೊಡ್ಡದು ಕಣಯ್ಯಾ ಇದು. ಇನ್ನು ಮೇಲೆ ಹೀಗೇ ಇರಲಿ.” ಅವರ ಕಣ್ಣಲ್ಲಿ ನೀರಿತ್ತು. ದೊಡ್ಡ ಸಾಹೇಬರೂ ಬಂದು ಬೆನ್ನು ತಟ್ಟಿದರು. ಅವರಿಗೂ ಈ ಅಂತ್ಯವೇ ಹಿಡಿಸಿತ್ತು, ಬಂಡಾಯ ಕೂತುಕೊಂಡ ನಾಟಕದಿಂದ ಯಾರಿಗೆ ಏನು ತೊಂದರೆ? ಯಾರೋ ಫೋಟೊ ತೆಗೆದರು. ಹೂವಿನ ಗುಚ್ಛವೊಂದನ್ನು ಕೈಗೆ ತುರುಕಿದರು. ತನ್ನ ಸೋಲನ್ನು ತನಗೇ ಉಡುಗೊರೆಯಾಗಿ ಕೊಡುತ್ತಿದ್ದ ಆ ಜನರ ನಡುವೆ ಅವನು ಎಲ್ಲರಿಗೂ ಕೈ ಮುಗಿಯುತ್ತ ನಿಂತಿದ್ದ. ತಾತ ಮಾತ್ರ ದೂರದಿಂದ ನೋಡಿ, ಮೀಸೆ ಕಿತ್ತು ಜೇಬಿನಲ್ಲಿಟ್ಟುಕೊಂಡ.

ಹಿಂದಿನ ಅಂಗಳದಲ್ಲಿ ನೀಲಿ ವ್ಯಾನು ನಿಂತಿತ್ತು. ಬಿಸಿಲು ಇಳಿದಿದ್ದರೂ ಬೆಳಕಿತ್ತು. ಬಂಧುಗಳು ಬಂದಿದ್ದವರಿಗೆ ವ್ಯಾನು ಹೊರಡುವವರೆಗೆ ಮಾತಾಡಬಹುದು ಎಂದು ಸಾಹೇಬರು ದೊಡ್ಡ ಮನಸ್ಸು ಮಾಡಿದ್ದರು. ಮೊದಲು ಅಕ್ಕ ಬಂದಳು, ಬರುತ್ತಲೇ ಅವನ ಮುಖದ ಬಣ್ಣವನ್ನು ಸೆರಗಿನಿಂದ ಒರೆಸತೊಡಗಿದಳು, ಅವನಿಗೆ ಐದು ವರ್ಷ ವಯಸ್ಸು ಎಂಬಂತೆ. ಅವಳ ಹಿಂದೆ ಒಬ್ಬಳು ಎತ್ತರದ ಹೆಣ್ಣುಮಗಳು, ಹೆಗಲಿಗೆ ಚೀಲ. ಜಡೆ ಒಂದೇ ಇತ್ತು.

“ಅಪ್ಪ,” ಎಂದಳು, ಪದ ಸರಿಯಾಗಿದೆಯೇ ಎಂದು ನೋಡುವವಳ ಹಾಗೆ.

“ಊಟ ಆಯ್ತಾಮ್ಮ?” ಎಂದ. ಇಷ್ಟು ವರ್ಷ ಕೂಡಿಟ್ಟುಕೊಂಡ ಮಾತುಗಳೆಲ್ಲ ಎಲ್ಲಿಗೋ ಹೋಗಿ ಅದೊಂದೇ ಬಾಯಿಗೆ ಬಂತು.

“ಆಯ್ತು. ನೀವು ಕಣ್ಣು ಕಿರಿದು ಮಾಡಿ ನೋಡ್ತೀರ. ದೂರದ್ದು ಕಾಣಲ್ವಾ?”

“ಅಲ್ಲಿ ದೂರ ಅನ್ನೋದೇ ಇಲ್ಲಮ್ಮ. ಗೋಡೆ ತನಕ ಕಂಡರೆ ಸಾಕು.”

ಅವಳು ನಗಲಿಲ್ಲ. ಹತ್ತಿರ ಬಂದು, ಕಸುಬಿನವರ ಧೈರ್ಯದಿಂದ, ಅವನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ ಒಂದು ಕಣ್ಣು ನೋಡಿದಳು, ಇನ್ನೊಂದು ನೋಡಿದಳು. ಅವಳ ಬೆರಳಲ್ಲಿ ಕನ್ನಡಕದ ಗಾಜು ಒರೆಸುವ ದ್ರಾವಣದ ವಾಸನೆಯಿತ್ತು, ಸ್ವಚ್ಛವಾದ, ತಣ್ಣನೆಯ ವಾಸನೆ. ಅವನು ಅದನ್ನು ಒಳಗೆಳೆದುಕೊಂಡ. ಇವಳಿಗೆ ಅದು ಬಂದಿಲ್ಲ, ಮೇಸ್ತ್ರಿ ಹೇಳಿದ್ದು ಸುಳ್ಳು, ಇವಳಿಗೆ ಬೇರೆ ವಾಸನೆ ಬಂದಿದೆ. “ನಾನೊಂದು ಕೇಳಬೇಕು,” ಎಂದಳು ಮಗಳು ಕೈ ತೆಗೆದು. “ನಾಟಕದಲ್ಲಿ ಕೊನೆಗೆ...”

ಗಂಟೆ ಹೊಡೆಯಿತು. ಹೆಡ್ ವಾರ್ಡರ್ ರಂಗದಿಂದ ಗಂಟೆಯನ್ನು ವ್ಯಾನಿಗೆ ಹೊತ್ತು ತಂದಿದ್ದವನು, ಹೇಗೂ ಕೈಯಲ್ಲೇ ಇದೆಯಲ್ಲ ಎಂದು ಅಲ್ಲೇ ಬಾರಿಸಿದ್ದ. ಅಂಗಳದಲ್ಲಿ ಅಲ್ಲಲ್ಲಿ ನಿಂತಿದ್ದವರೆಲ್ಲ ಇದ್ದಲ್ಲಿಂದ ಸರಸರ ಬಂದು ಸಾಲಾಗಿ ಕೂತರು, ಬಣ್ಣ ಬಳಿದ ಆಳುಗಳು, ಮೀಸೆ ಇಲ್ಲದ ಧಣಿ. ಮಾತಿನ ನಡುವೆ ಮಾತು ಬಿಟ್ಟು ಬಂದಿದ್ದರು. ಬಂಧುಗಳು ಗಾಳಿಗೆ ಮಾತಾಡುವವರ ಹಾಗೆ ಬಾಯಿ ತೆರೆದುಕೊಂಡು ನಿಂತಿದ್ದರು. ಚಕ್ಕಳನೂ ಕೂತಿದ್ದ, ತಾತನ ಎಡಕ್ಕೆ, ಸಾಲಿನ ಕೊನೆಯಲ್ಲಿ. ಕೈಯಲ್ಲಿ ಹೂವಿನ ಗುಚ್ಛ ಇನ್ನೂ ಇತ್ತು. ಅವನಿಗೆ ಎದುರು ಎರಡು ಚಪ್ಪಲಿ ಕಾಣುತ್ತಿತ್ತು, ಅದಕ್ಕಿಂತ ಮೇಲೆ ನೋಡಲಾಗಲಿಲ್ಲ. ಮತ್ತೆ ಅದೇ ಆಯಿತಲ್ಲ, ಅವಳ ಕಣ್ಣೆದುರೇ, ಮತ್ತೆ ಅದೇ. ಹೋಗಿಬಿಡಮ್ಮ, ನೋಡಬೇಡ, ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಚಪ್ಪಲಿ ಹೋಗಲಿಲ್ಲ. ಚೀಲ ನೆಲಕ್ಕೆ ಬಂತು. ಆಮೇಲೆ ಮಗಳು ಬಂದಳು, ಅವನ ಪಕ್ಕದಲ್ಲಿ, ಕುಕ್ಕರಗಾಲಲ್ಲಿ, ಕೈ ಮೊಣಕಾಲ ಮೇಲೆ. ಈಗ ಅವಳ ಮುಖದಲ್ಲಿ ಆಟವಿರಲಿಲ್ಲ. ಅವನ ಕಣ್ಣಿನ ಮಟ್ಟಕ್ಕೆ ಅವಳ ಕಣ್ಣಿತ್ತು.

“ನಾಟಕದ ಕೊನೇಲಿ,” ಎಂದಳು ಮೆಲ್ಲಗೆ, “ನೀನು ಕೂರಬೇಕಾಗಿತ್ತಾ, ನಿಲ್ಲಬೇಕಾಗಿತ್ತಾ?”

ಅವನು ಸುಳ್ಳು ಹೇಳಬಹುದಾಗಿತ್ತು, ಮೇಷ್ಟ್ರು ಒಳ್ಳೆಯ ಸುಳ್ಳೊಂದನ್ನು ಕೈಗೇ ಕೊಟ್ಟಿದ್ದರು. “ನಿಲ್ಲಬೇಕಾಗಿತ್ತು,” ಎಂದ.

“ಗೊತ್ತಾಯ್ತು. ಎಲ್ಲರೂ ಚಪ್ಪಾಳೆ ಹೊಡೀತಿದ್ದರು. ನನಗೆ ನಿನ್ನ ಮುಖ ಕಂಡಿತು.”

ಹೆಡ್ ವಾರ್ಡರ್ ಎಣಿಸುತ್ತ ಬರುತ್ತಿದ್ದ. ಜೋಡಿ, ಜೋಡಿ, ಜೋಡಿ. ಎಣಿಸುವಾಗ ಅವನಿಗೆ ಮುಖಗಳು ಕಾಣುವುದಿಲ್ಲ, ತಲೆಗಳಷ್ಟೇ. ಬೆತ್ತದ ತುದಿ ತಾತನ ಬೋಳುತಲೆಯ ಮೇಲೆ ಆಡಿತು, ಅವನ ತಲೆಯ ಮೇಲೆ ಆಡಿತು, “ಜೋಡಿ” ಎಂದಿತು, ಅಲ್ಲಿಗೆ ನಿಲ್ಲದೆ ಅಭ್ಯಾಸದಲ್ಲಿ ಮುಂದೆ ಸರಿದು ಮಗಳ ಬೈತಲೆಯ ಮೇಲೆ ಬಂತು. ಮುಟ್ಟಲಿಲ್ಲ, ಒಂದು ಗೇಣು ಮೇಲೆ ಇತ್ತು. “ಒಂದು,” ಎಂದ ಹೆಡ್ ವಾರ್ಡರ್. ಆಮೇಲೆ ಹುಬ್ಬು ಗಂಟಿಕ್ಕಿದ. “ಒಂದು ತಲೆ ಜಾಸ್ತಿ ಬಂತಲ್ಲಯ್ಯಾ?”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನುದ್ದಕ್ಕೂ ಹರಿದು, ಬಂಧುಗಳನ್ನೂ ಮುಟ್ಟಿತು. ಹೆಡ್ ವಾರ್ಡರ್ ಕೂಡ ನೋಡಿ ನಕ್ಕ. “ಏಳಮ್ಮ ತಾಯಿ, ನೀನ್ಯಾಕೆ ಈ ಲೆಕ್ಕಕ್ಕೆ ಬರ್ತೀಯ?”

“ನೀವು ಎಣಿಸ್ಕೊಳ್ಳಿ ಸಾರ್,” ಎಂದಳು ಮಗಳು ಕೂತಲ್ಲಿಂದಲೇ. “ನಮ್ಮ ಮಾತು ಮುಗಿದಿಲ್ಲ.”

ಅವನಿಗೆ ಬೆತ್ತ ಮಾತ್ರ ಕಾಣುತ್ತಿತ್ತು. ಅದು ಇನ್ನೂ ಅವಳ ತಲೆಯ ಮೇಲೆಯೇ ಇತ್ತು, ಮರೆತುಹೋದ ಕೈಯಲ್ಲಿ ಸುಮ್ಮನೆ ಅಲ್ಲಾಡುತ್ತಿತ್ತು. ಇದೂ ನಿಮ್ಮ ಲೆಕ್ಕಕ್ಕೇ ಸೇರಿತು. ಎದೆಯಲ್ಲಿ ಅದೇ ಬೆಂಕಿ ಎದ್ದಿತು, ಸುಣ್ಣದ ತೊಟ್ಟಿಯ ಪಕ್ಕ ಎದ್ದದ್ದು. ಅಂಗೈಗೆ ತಳ್ಳುವ ನೆನಪು ಬಂತು. ಅವನು ಆ ಕೈಯಲ್ಲಿದ್ದ ಹೂವನ್ನು ನೆಲದ ಮೇಲಿಟ್ಟ. ಮಗಳ ಕೈ ಹಿಡಿದ. “ಏಳು ಮಗಳೇ,” ಎಂದ, ಎಬ್ಬಿಸಿದ. ಅವಳು ಎದ್ದ ಮೇಲೆ ನೋಡಿದರೆ ತಾನೂ ನಿಂತಿದ್ದ. ಎಣಿಕೆಯ ನಡುವೆ, ಕೂತ ತಲೆಗಳ ಮೇಲೆ ಅಷ್ಟೆತ್ತರಕ್ಕೆ, ಅವನೊಬ್ಬ. ಅಂಗಳ ಇಷ್ಟು ಅಗಲವಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ನಗು ನಿಂತಿತು. ಗೇಟಿನ ಹತ್ತಿರ ಕಾರು ಹತ್ತುತ್ತಿದ್ದ ದೊಡ್ಡ ಸಾಹೇಬರು ಒಂದು ಕಾಲು ಒಳಗಿಟ್ಟವರು ಹಾಗೇ ತಿರುಗಿ ನೋಡಿದರು. ಅವರ ಮುಖ ಇಷ್ಟು ದೂರದಿಂದ ಅವನಿಗೆ ಕಾಣಲಿಲ್ಲ.

“ಚಕ್ಕಳ,” ಎಂದ ಹೆಡ್ ವಾರ್ಡರ್, ದನಿ ತಗ್ಗಿಸಿ. “ಸಾಹೇಬರು ನೋಡ್ತಿದ್ದಾರೆ. ಕೂತ್ಕೋ.”

“ಮಗಳು ಹೋಗಲಿ ಸಾರ್. ಆಮೇಲೆ ಕೂತ್ಕೋತೀನಿ.”

“ನಿನ್ನ ಹೆಸರು ಸಮಿತಿ ಮುಂದಿದೆ ಕಣೋ.”

“ಗೊತ್ತು ಸಾರ್.”

ಕೆಳಗಿನಿಂದ ತಾತ ಅವನ ಪಂಚೆಯ ಅಂಚು ಎಳೆದ, ಎಳೆದು ಬಿಟ್ಟ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಮಗಳು ಅವನನ್ನು ನೋಡಿದಳು, ಕೂತ ಸಾಲನ್ನು ನೋಡಿದಳು, ಆ ಹೆಡ್ ವಾರ್ಡರನನ್ನೂ ನೋಡಿದಳು. ಬಹುಶಃ ಇನ್ನೂ ಕೇಳಬೇಕಾದ್ದು ಬಹಳ ಇತ್ತು. ಆದರೆ ಚೀಲ ಎತ್ತಿಕೊಂಡಳು. “ಮುಂದಿನ ಸಲ ಗಾಜುಗಳ ಪೆಟ್ಟಿಗೆ ತರ್ತೀನಿ,” ಎಂದಳು. “ಅಲ್ಲೇ ಕಣ್ಣು ನೋಡ್ತೀನಿ.” ಅತ್ತೆಯ ತೋಳು ಹಿಡಿದು ನಡೆದಳು, ಎರಡು ಸಲ ತಿರುಗಿ ನೋಡಿದಳು. ಅಂಗಳ ದಾಟಿ, ಕಾರು ದಾಟಿ, ಗೇಟು ದಾಟುವವರೆಗೆ ಅವಳು ಅವನಿಗೆ ಬರಬರುತ್ತ ಮಸುಕಾದಳು. ಕೊನೆಗೆ ಒಂದು ಬಣ್ಣ ಮಾತ್ರ ಉಳಿಯಿತು, ಅದೂ ರಸ್ತೆಯ ಬಣ್ಣಗಳಲ್ಲಿ ಸೇರಿಹೋಯಿತು. ಅವನು ನಿಂತೇ ಇದ್ದ. ಮೊಣಕಾಲು ನಡುಗುತ್ತಿತ್ತು, ಆದರೆ ಇವತ್ತು ಮೊದಲ ಬಾರಿಗೆ ಅದು ಅವನದೇ ನಡುಕವಾಗಿತ್ತು. ಹೆಡ್ ವಾರ್ಡರ್ ಬೆತ್ತವನ್ನು ಕಂಕುಳಲ್ಲಿಟ್ಟುಕೊಂಡು, ನೋಯುವ ಮಂಡಿಯನ್ನು ಒಂದು ಕೈಯಿಂದ ತಿಕ್ಕುತ್ತ, ಎಣಿಕೆ ಮುಗಿಸಲು ಕಾಯುತ್ತಿದ್ದ.